ಭೂಮಿ ಎಳೀತದೆ ಮಾರಾಯ್ರೇ!

ಮುಥೈಗಾ ಗಾಲ್ಫ್ ಕ್ಲಬ್ಬಿನಲ್ಲಿ ಚೆಂಡು ಬಲಕ್ಕೆ ಹೊರಳಿ ಮರಗಳ ನಡುವೆ ಮಾಯವಾದಾಗಲೆಲ್ಲ ಮಂಗಳೂರಿನ ಗೆಳೆಯರೊಬ್ಬರದು ಒಂದೇ ರಾಗ. "ಭೂಮಧ್ಯರೇಖೆ ಹತ್ರ ಅಲ್ವಾ, ಭೂಮಿ ಎಳೀತದೆ ಮಾರಾಯ್ರೇ."

ಭೂಮಿ ತಿರುಗೋದು ನಿಜ. ಹಾರುವ ಚೆಂಡು ಅದರಿಂದ ಓರೆಯಾಗೋದೂ ನಿಜ, ಕೊರಿಯೊಲಿಸ್ ಪರಿಣಾಮ ಅಂತಾರೆ. ಆದ್ರೆ ನೈರೋಬಿ ಇರೋದು ದಕ್ಷಿಣ ಗೋಳಾರ್ಧದಲ್ಲಿ, ಎಳೆದರೆ ಎಡಕ್ಕೆ ಎಳೀಬೇಕು! ಅದೂ ಎಷ್ಟು? 230 ಮೀಟರ್ ದೂರ, 6 ಸೆಕೆಂಡು ಹಾರಿದ ಚೆಂಡಿಗೆ ಸುಮಾರು 2 ಮಿಲಿಮೀಟರ್. ಬೆಂಗಳೂರಲ್ಲಿ ಅದೇ ಹೊಡೆತ 2 ಸೆಂಟಿಮೀಟರ್ ಬಲಕ್ಕೆ ಸರಿಯುತ್ತೆ. ಭೂಮಧ್ಯರೇಖೆ ಹತ್ತಿರವಾದಷ್ಟೂ ಈ ಅಡ್ಡ ಎಳೆತ ಕಡಿಮೆ, ನಮ್ಮವರು ತಿಳಿದಿರೋದಕ್ಕೆ ಪೂರ್ತಿ ಉಲ್ಟಾ.

ಇಲ್ಲಿ ಜೋರಾಗಿರೋದು ಮೇಲೆ-ಕೆಳಗಿನ ಆಟ. ಪೂರ್ವಕ್ಕೆ ಹೊಡೆದ ಚೆಂಡು ಕೂದಲೆಳೆಯಷ್ಟು ಹಗುರ, ಪಶ್ಚಿಮಕ್ಕೆ ಹೊಡೆದದ್ದು ಅಷ್ಟೇ ಭಾರ. ಅದೇ 6 ಸೆಕೆಂಡಿನಲ್ಲಿ 10 ಸೆಂಟಿಮೀಟರಿನಷ್ಟು ಏರಿಳಿತ. ಆದರೆ 1,700 ಮೀಟರ್ ಎತ್ತರದ ಈ ಊರಿನ ತೆಳು ಗಾಳಿ ಚೆಂಡನ್ನ ಹತ್ತು ಮೀಟರಿಗೂ ಹೆಚ್ಚು ಮುಂದಕ್ಕೆ ಒಯ್ಯುತ್ತೆ. ಅದರ ಮುಂದೆ ಇದೆಲ್ಲ ಯಾವ ಲೆಕ್ಕ! ಗೆಳೆಯರ ಚೆಂಡು ಬಲಕ್ಕೆ ಹೋಗೋದು ಮಣಿಕಟ್ಟಿನಿಂದ, ಬಿಡಿ.

ನನಗೆ ತಲೆಬಿಸಿಯಾಗಿದ್ದು ನಾನ್ಯುಕಿಯ ಬೋಗುಣಿಯಿಂದ. ಅಲ್ಲಿ ಭೂಮಧ್ಯರೇಖೆಯ ಬೋರ್ಡಿನ ಹತ್ತಿರ ತೂತಿನ ಪಾತ್ರೆಗೆ ನೀರು ಸುರಿದು, ಮೇಲೆ ಬೆಂಕಿಕಡ್ಡಿ ತೇಲಿಸಿ ತೋರಿಸ್ತಾರೆ. ಹತ್ತಿಪ್ಪತ್ತು ಹೆಜ್ಜೆ ಆಚೆ ಒಂದು ಕಡೆ ಸುಳಿ, ಈಚೆ ಇನ್ನೊಂದು ಕಡೆ. ದುಡ್ಡು ಕೊಟ್ಟರೆ ಸರ್ಟಿಫಿಕೇಟೂ ಉಂಟು. ನನ್ನ ಮಗಳು ಅದನ್ನ ಶಾಲೆಯ ವಿಜ್ಞಾನದ ಪ್ರಾಜೆಕ್ಟಿಗೇ ಬರೆದುಬಿಟ್ಟಿದ್ದಳು. ಇಪ್ಪತ್ತು ಹೆಜ್ಜೆಯಲ್ಲಿ ಭೂಮಿಯ ಎಳೆತ ಇಲ್ಲವೇ ಇಲ್ಲ ಅನ್ನಬೇಕು. ಸುರಿಯೋ ಕೈಯೇ ಸುಳಿಯ ದಿಕ್ಕು ನಿರ್ಧರಿಸುತ್ತೆ. ಹೇಳಿದರೆ ನಂಬಲಿಲ್ಲ. ಕೊನೆಗೆ ಹಳೇ ಪ್ಲಾಸ್ಟಿಕ್ ಬೇಸಿನ್ನಿಗೆ ತೂತು ಕೊರೆದು, ಹಿತ್ತಲಲ್ಲಿ ಒಂದೇ ಜಾಗದಲ್ಲಿ ಕೂತು ಎಡಬದಿಯಿಂದ, ಬಲಬದಿಯಿಂದ ಸುರಿದು ನೋಡಿದೆವು. ಕಡ್ಡಿ ಎರಡೂ ಕಡೆ ತಿರುಗಿತು.

"ಹಾಗಾದ್ರೆ ಆ ಅಂಕಲ್ ಸುಳ್ಳು ಹೇಳಿದ್ರಾ ಅಮ್ಮಾ?"

"ಪಾಪ, ಹೊಟ್ಟೆಪಾಡು ಕಣೇ."

"ಆದ್ರೂ ಸುಳ್ಳೇ ಅಲ್ವಾ?" ಅಂದವಳೇ ರಬ್ಬರ್ ಹುಡುಕೋಕೆ ಹೋದಳು.