ಸಾಕ್ಷಿ ನುಡಿದವರ ಕೂಲಿ

ನ್ಯಾಯನಿರ್ಣಯದಲ್ಲಿ ಸಾಮಾನ್ಯ ಪ್ರಜೆಗೂ ಪಾಲಿರಬೇಕೆಂದು ನಮ್ಮ ದೇಶದಲ್ಲಿಯೂ ಹಿಂದೆ ಜ್ಯೂರಿ ಪದ್ಧತಿಯಿತ್ತು. 1959ರ ನಾನಾವತಿ ಮೊಕದ್ದಮೆಯಲ್ಲಿ ಜ್ಯೂರಿಗಳಿತ್ತ ನಿರ್ಣಯವನ್ನು ಮುಂಬಯಿ ಉಚ್ಚ ನ್ಯಾಯಾಲಯವು ತಳ್ಳಿಹಾಕಿದುದು ಹಿರಿಯರಿಗೆ ನೆನಪಿರಬಹುದು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆ ಪದ್ಧತಿಗೆ ಎಡೆಯುಳಿಯಲಿಲ್ಲ. ಇಂದು ತನ್ನದಲ್ಲದ ವ್ಯಾಜ್ಯಕ್ಕಾಗಿ ಕಾಯಕವನ್ನು ಬಿಟ್ಟು ನ್ಯಾಯಾಲಯಕ್ಕೆ ಬರಬೇಕಾದ ಪ್ರಜೆಯೆಂದರೆ ಸಾಕ್ಷಿ.

ಕೆಲವು ವರ್ಷಗಳ ಹಿಂದೆ ರಸ್ತೆ ಅಪಘಾತವೊಂದನ್ನು ಕಣ್ಣಾರೆ ಕಂಡ ಕಾರಣ ನಮಗೂ ಸಮನ್ಸು ಬಂದಿತು. ನ್ಯಾಯಾಲಯದ ಜಗಲಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದವರು ಕಡಬದ ಕಡೆಯ ಹಳ್ಳಿಯ ರಬ್ಬರ್ ಟ್ಯಾಪಿಂಗ್ ಕೆಲಸಗಾರರು. ಅಂದು ಗಾಯಾಳುವನ್ನೆತ್ತಿ ವಾಹನಕ್ಕೇರಿಸಿದವರು ಅವರೇ. ರಬ್ಬರ್ ಮರದ ಹಾಲು ನಸುಕಿನಲ್ಲೇ ಇಳಿಯಬೇಕು. ಪೇಟೆಗೆ ಮೊದಲ ಬಸ್ಸು ಹೊರಡುವುದೂ ಅದೇ ಹೊತ್ತಿಗೆ. ಬಸ್ಸು ಹಿಡಿದರೆ ಆ ದಿನದ ಕೂಲಿಯಿಲ್ಲ. ಮಧ್ಯಾಹ್ನದವರೆಗೆ ಕಾದ ಮೇಲೆ, ವಕೀಲರೊಬ್ಬರು ಬಾರದುದರಿಂದ ಮೊಕದ್ದಮೆ ಮುಂದೂಡಲ್ಪಟ್ಟಿತು. ಅವರಿಗದು ಮೂರನೆಯ ತಾರೀಖು.

"ಇನ್ನೊಮ್ಮೆ ಹೀಗಾದ್ರೆ ನಾನು ನೋಡದ ಹಾಗೆ ಹೋಗುದೇ, ಸ್ವಾಮೀ," ಎಂದರು.

ಆ ಮಾತು ನಮ್ಮನ್ನು ಬಹುದಿನ ಕಾಡಿತು. ಸತ್ಯ ನುಡಿಯುವುದೇ ಸ್ವರ್ಗವೆಂದು ಸಭೆಗಳಲ್ಲಿ ಹೇಳುತ್ತ ಬಂದ ನಾವು, ಸತ್ಯ ನುಡಿಯಲು ಬಡವನಿಗೆ ಆಗುವ ಖರ್ಚನ್ನು ಎಂದೂ ಲೆಕ್ಕಹಾಕಿರಲಿಲ್ಲ.

ಸಾಕ್ಷಿಗೆ ಭತ್ಯೆಯುಂಟೆಂಬುದೂ ನಮಗೆ ತಿಳಿದಿರಲಿಲ್ಲ. ಪರಿಚಿತ ವಕೀಲರು ತಿಳಿಸಿದರು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷಿಯ ಯುಕ್ತ ವೆಚ್ಚವನ್ನು ಸರ್ಕಾರದಿಂದ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಹಳೆಯ ಸಂಹಿತೆಯ 312ನೆಯ ಕಲಮಿನ ಈ ಅವಕಾಶವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದಿದೆ. ಸಿವಿಲ್ ದಾವೆಯಲ್ಲಾದರೆ, ಸಾಕ್ಷಿಯನ್ನು ಕರೆಸುವ ಪಕ್ಷಗಾರನೇ ಪ್ರಯಾಣವೆಚ್ಚವನ್ನೂ ಒಂದು ದಿನದ ಭತ್ಯೆಯನ್ನೂ ಮುಂಗಡವಾಗಿ ಕಟ್ಟಬೇಕು. ಸಾಕ್ಷಿಗಳು ಪಡುವ ಪಾಡನ್ನೂ ಭತ್ಯೆಯ ಅಲ್ಪತೆಯನ್ನೂ ಸರ್ವೋಚ್ಚ ನ್ಯಾಯಾಲಯವು 2000ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ವಿಷಾದದಿಂದ ಎತ್ತಿ ಹೇಳಿತು.

ನಾಲ್ಕನೆಯ ತಾರೀಖಿಗೆ ಆ ಕೆಲಸಗಾರರು ಬಂದರು, ಕಂಡುದನ್ನು ಕಂಡಂತೆ ನುಡಿದರು. ಭತ್ಯೆಯನ್ನು ಕೇಳುವಂತೆ ನಾವು ಹೇಳಿದೆವು. ದೊರೆತ ಹಣ ಬಸ್ಸಿಗೆ ಸಾಕಾಯಿತು, ಕೂಲಿಗೆ ಸಾಲಲಿಲ್ಲ.

ಭತ್ಯೆಯು ದಿನಗೂಲಿಗೆ ಸಮನಾಗಬೇಕು, ಅಂದೇ ಕೈಸೇರಬೇಕು. ಅದು ಸರ್ಕಾರದ ಹೊಣೆ. ಸಮನ್ಸು ಬಂದವರು ಬಸ್ಸಿನ ಚೀಟಿಯನ್ನು ಜೋಪಾನವಾಗಿಟ್ಟು, ನ್ಯಾಯಾಲಯದಿಂದ ಹೊರಡುವ ಮೊದಲೇ ಭತ್ಯೆಯನ್ನು ಕೇಳಬೇಕು. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನು ಪುತ್ತೂರು, ಸುಳ್ಯ, ಕಡಬಗಳಲ್ಲಿ ಅಡಕೆ, ರಬ್ಬರ್ ತೋಟಗಳುಳ್ಳ ನಾವು ಮಾಡಬಹುದಾದುದೊಂದಿದೆ. ನಮ್ಮ ಕೆಲಸದಾಳು ಸಾಕ್ಷಿ ಹೇಳಲು ಹೋದ ದಿನ ಅವರ ಕೂಲಿಯನ್ನು ಹಿಡಿಯದಿರೋಣ. ನಮ್ಮ ಮನೆಯಲ್ಲಿ ಅಂದಿನಿಂದ ಹಾಗೆಯೇ ನಡೆದುಬಂದಿದೆ. ಮುಂದೊಂದು ದಿನ ದಾರಿಯಲ್ಲಿ ಬಿದ್ದವರು ನಮ್ಮವರೇ ಆಗಿದ್ದರೆ, ಅವರನ್ನೆತ್ತುವ ಕೈ ಹಿಂಜರಿಯಬಾರದಲ್ಲವೆ?