ಕೆಂಪಿಲ್ಲದ ನೆತ್ತರಿನ ಮೀನುಗಳ ಕಡಲು

ಭೂಪಟದಲ್ಲಿ ದಕ್ಷಿಣ ಅಮೆರಿಕದ ಕೊನೆಯಂಚನ್ನು ಗುರುತಿಸಿ, ಅಲ್ಲಿಂದ ಪೂರ್ವಕ್ಕೆ ಬೆರಳನ್ನು ಸರಿಸುತ್ತ ಹೋದರೆ, ಅಪಾರವಾದ ನೀಲಿಯ ನಡುವೆ ಬಾಗಿದ ಕುಡುಗೋಲಿನಂತಹ ಸಣ್ಣ ದ್ವೀಪವೊಂದು ಕಾಣುವುದು. ಇದೇ ದಕ್ಷಿಣ ಜಾರ್ಜಿಯ. ಇದರ ಉದ್ದ ಸುಮಾರು 170 ಕಿಲೋಮೀಟರು. ಬೆನ್ನೆಲುಬಿನಂತೆ ನಿಂತ ಪರ್ವತಶ್ರೇಣಿಯಲ್ಲಿ ಪ್ಯಾಜೆಟ್ ಶಿಖರವು 2,900 ಮೀಟರುಗಳಿಗೂ ಮಿಗಿಲಾಗಿ ಎದ್ದಿದೆ. ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಿಮವು ಹೊದ್ದಿದೆ. ಹುಲ್ಲುಂಟು, ಪಾಚಿಯುಂಟು; ಅಲ್ಲಿಯೇ ಹುಟ್ಟಿ ಬೆಳೆದ ಮರವೆಂಬುದು ಒಂದೂ ಇಲ್ಲ. ನಾವು ಆ ತೀರವನ್ನು ಕಣ್ಣಾರೆ ಕಂಡವರಲ್ಲ. ಆದರೂ ಹೋಗಿ ಬಂದವರು ಬರೆದಿಟ್ಟುದನ್ನು ಓದಿದ ಮೇಲೆ, ವಾಚಕರನ್ನೂ ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕೆಂಬ ಆಸೆ ನಮ್ಮಲ್ಲಿ ಹುಟ್ಟಿತು.

ದ್ವೀಪದ ಒಂದು ಕೊಲ್ಲಿಗೆ ಗ್ರಿಟ್‌ವಿಕೆನ್ ಎಂದು ಹೆಸರು. ಎಂದರೆ ಹಂಡೆಯ ಕೊಲ್ಲಿ. ಹಿಂದಿನ ಬೇಟೆಗಾರರು ಕಡಲಾನೆ, ಸೀಲುಗಳ ಕೊಬ್ಬನ್ನು ಕಾಯಿಸಿ ಎಣ್ಣೆ ತೆಗೆಯುತ್ತಿದ್ದ ಕಬ್ಬಿಣದ ಹಂಡೆಗಳು ಅಲ್ಲಿ ಸಿಕ್ಕಿದ್ದುದರಿಂದ ಈ ಹೆಸರು ಬಂದಿತು. 1904ರಲ್ಲಿ ನಾರ್ವೆಯ ಲಾರ್ಸೆನ್ ಎಂಬವರು ಅಲ್ಲಿ ತಿಮಿಂಗಿಲಗಳ ಬೇಟೆಗೆ ಒಂದು ಠಾಣ್ಯವನ್ನು ಕಟ್ಟಿದರು. ತಿಮಿ ಎಂಬ ಮಹಾಮತ್ಸ್ಯವನ್ನೇ ನುಂಗುವುದು ತಿಮಿಂಗಿಲವೆಂದು ನಮ್ಮ ಹಿಂದಿನವರು ಪದವನ್ನು ಬಿಡಿಸಿದರು. ಅಂತಹ ತಿಮಿಂಗಿಲವನ್ನೂ ನುಂಗಿದ್ದು ಮನುಷ್ಯನ ಎಣ್ಣೆಯ ಆಸೆ. 1960ರ ದಶಕದಲ್ಲಿ ಆ ಉದ್ಯಮವು ನಿಂತುಹೋಯಿತು. ಈಗ ಅಲ್ಲಿರುವುದು ತುಕ್ಕು ಹಿಡಿದ ತೊಟ್ಟಿಗಳು, ಒಂದು ವಸ್ತುಸಂಗ್ರಹಾಲಯ, ಒಂದು ಸ್ಮಶಾನ.

ಈ ಬೇಟೆಗಾರರು ಬಿಡುವಿನಲ್ಲಿ ಕೊಲ್ಲಿಯಲ್ಲಿ ಮೀನು ಹಿಡಿಯುವಾಗ ಒಂದು ವಿಚಿತ್ರವಾದ ಜಾತಿಯು ಸಿಕ್ಕುತ್ತಿತ್ತು. ಮೈಮೇಲೆ ಪೊರೆಯಿಲ್ಲ, ಮೊಸಳೆಯಂತೆ ಚಾಚಿದ ಮೂತಿ, ಕೊಯ್ದರೆ ಕೆಂಪು ನೆತ್ತರಿಲ್ಲ, ಬಣ್ಣವಿಲ್ಲದ ದ್ರವವಷ್ಟೆ. ಕಿವಿರುಗಳೂ ಬೆಳ್ಳಗೆ. ಅವರು ಇದನ್ನು ರಕ್ತವಿಲ್ಲದ ಮೀನೆಂದೇ ಕರೆದರು. 1927ರಲ್ಲಿ ರುಸ್ತಾದ್ ಎಂಬ ನಾರ್ವೆಯ ಪ್ರಾಣಿಶಾಸ್ತ್ರಜ್ಞರು ಬೂವೆ ದ್ವೀಪದ ಬಳಿ ಅಂತಹುದೇ ಮೀನನ್ನು ಹಿಡಿದು ಬಣ್ಣವಿಲ್ಲದ ರಕ್ತವನ್ನು ಕಂಡರು. ಅವರ ದೇಶದವರೇ ಆದ ರೂಡರು ದಕ್ಷಿಣ ಜಾರ್ಜಿಯದ ಮೀನುಗಳ ರಕ್ತವನ್ನು ಪರೀಕ್ಷಿಸಿ, 1954ರಲ್ಲಿ ಬೇಟೆಗಾರರ ಮಾತನ್ನು ಶಾಸ್ತ್ರವನ್ನಾಗಿ ಮಾಡಿದರು.

ರಕ್ತವನ್ನು ಸಪ್ತಧಾತುಗಳಲ್ಲಿ ಒಂದೆಂದು ಎಣಿಸಿದ ನಮಗೆ ಇದು ವಿಸ್ಮಯವೇ ಸರಿ. ನಮ್ಮ ರಕ್ತಕ್ಕೆ ಕೆಂಪನ್ನು ಕೊಡುವುದು ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಉಸಿರಿನಿಂದ ಬಂದ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಹಂಚುವುದು ಅದರ ಕೆಲಸ. ಬೆನ್ನೆಲುಬುಳ್ಳ ಪ್ರಾಣಿಗಳ ಪೈಕಿ ಬೆಳೆದ ಮೇಲೂ ಇದಿಲ್ಲದೆ ಬಾಳುವುವು ಈ ಹಿಮಮೀನುಗಳ ಕುಲದವು ಮಾತ್ರ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಲೋಪ. ಊರು ಎಂಬುದಕ್ಕೆ ಅಲ್ಲಿ ಸೇರಿ ಊರಲ್ಲಿ ಎಂದಾಗುವಾಗ ಒಂದು ಸ್ವರವು ಬಿದ್ದುಹೋಗುವಂತೆ, ಈ ಪ್ರೋಟೀನನ್ನು ಕಟ್ಟುವ ವಂಶವಾಹಿಗಳಲ್ಲಿ ಒಂದು ಪೂರ್ತಿಯಾಗಿ ಅಳಿದಿದೆ. ಇನ್ನೊಂದರ ತುಂಡು ಮಾತ್ರ ಉಳಿದಿದೆ.

ಹಾಗಾದರೆ ಬದುಕುವುದೆಂತು? ನೀರು ತಣ್ಣಗಾದಷ್ಟೂ ಅದರಲ್ಲಿ ಆಮ್ಲಜನಕವು ಹೆಚ್ಚು ಕರಗುವುದು. ಅದು ರಕ್ತದ ದ್ರವದಲ್ಲಿಯೇ ಕರಗಿ ಸಾಗುವುದು. ಆದರೂ ಹಾಗೆ ಸಾಗುವುದು, ಕೆಂಪು ರಕ್ತದ ಬಂಧುಮೀನುಗಳು ಒಯ್ಯುವುದರ ಹತ್ತರಲ್ಲೊಂದು ಪಾಲಿಗೂ ಕಡಮೆ. ಈ ಕೊರತೆಯನ್ನು ತುಂಬಲು ಹಿಮಮೀನಿಗೆ ದೊಡ್ಡ ಹೃದಯ, ಅಗಲವಾದ ನಾಳಗಳು, ಎರಡರಿಂದ ನಾಲ್ಕು ಪಟ್ಟು ಹೆಚ್ಚು ರಕ್ತ ಬೇಕಾದುವು. ಆದುದರಿಂದ ಈ ಲೋಪವನ್ನು ಲಾಭವೆಂದು ಹೇಳಲು ಬಾರದು. ತೆತ್ತು ಸರಿದೂಗಿಸಿದ ನಷ್ಟವೆನ್ನಬಹುದು. ಆ ತಣ್ಣೀರು ಇದ್ದುದರಿಂದಲೇ ಅದು ಸರಿದೂಗಿತು.

ಇನ್ನೂ ದಕ್ಷಿಣಕ್ಕೆ, ಧ್ರುವಖಂಡದ ಅಂಚಿಗೆ ಹೋದರೆ, ಮತ್ತೊಂದು ಕಷ್ಟವು ಎದುರಾಗುವುದು. ಅಲ್ಲಿಯ ಉಪ್ಪುನೀರು ಸೊನ್ನೆಗಿಂತ 1.9 ಡಿಗ್ರಿ ಕೆಳಗಿದ್ದರೂ ದ್ರವವಾಗಿರುವುದು. ಸಾಧಾರಣ ಮೀನಿನ ರಕ್ತವೋ ಅಷ್ಟರೊಳಗೆ ಹೆಪ್ಪುಗಟ್ಟಬೇಕು. ಮ್ಯಾಕ್‌ಮರ್ಡೊ ಎಂಬಲ್ಲಿ 1960ರ ದಶಕದಲ್ಲಿ ಡಿವ್ರೀಸ್ ಎಂಬ ಅಮೆರಿಕದ ವಿದ್ವಾಂಸರು ಹಿಮಮೀನುಗಳ ಬಂಧುಗಳನ್ನು ಪರೀಕ್ಷಿಸಿ, ಅವುಗಳ ರಕ್ತದಲ್ಲಿ ಸಕ್ಕರೆಯ ಅಂಶವುಳ್ಳ ಒಂದು ಪ್ರೋಟೀನನ್ನು ಕಂಡರು. ಮಂಜಿನ ಅತಿ ಸಣ್ಣ ಹರಳಿಗೆ ಇದು ಅಂಟಿಕೊಂಡು, ಅದನ್ನು ಬೆಳೆಯಗೊಡದು. ಹಿಮಮೀನುಗಳಲ್ಲಿಯೂ ಈ ಕಾವಲುಂಟು. ಇದರ ಮೂಲವನ್ನು 1997ರಲ್ಲಿ ಪ್ರಕಟಿಸಿದರು: ಆಹಾರವನ್ನು ಜೀರ್ಣಿಸುವ ರಸವೊಂದರ ವಂಶವಾಹಿಯ ತುಂಡೇ ಮತ್ತೆ ಮತ್ತೆ ಆವರ್ತಿಸಿ ಈ ಹೊಸ ಕೆಲಸಕ್ಕೆ ಬಂದಿತ್ತು! ಮಳೆ, ಕಾಲ ಸೇರಿ ಮಳೆಗಾಲವಾಗುವಾಗ ಒಂದು ಅಕ್ಷರದ ಸ್ಥಾನಕ್ಕೆ ಇನ್ನೊಂದು ಬರುವಂತೆ ಇದು ಆದೇಶ. ಉತ್ತರಧ್ರುವದ ಕಾಡ್ ಮೀನಿನಲ್ಲಿಯೂ ಇಂತಹುದೇ ಪ್ರೋಟೀನುಂಟು. ಅದು ಬೇರೊಂದು ದಾರಿಯಿಂದ ತಾನೇ ಹುಟ್ಟಿಕೊಂಡದ್ದು.

ಈ ಕಡಲಿನ ಕೊಟ್ಟಕೊನೆಯ ಸೋಜಿಗವು ವೆಡೆಲ್ ಸಮುದ್ರದಲ್ಲಿದೆ. 2021ರಲ್ಲಿ ಪೋಲಾರ್‌ಸ್ಟರ್ನ್ ಎಂಬ ಜರ್ಮನಿಯ ಹಡಗಿನವರು ಹಿಮದಡಿಯ ಸಮುದ್ರತಳಕ್ಕೆ ಛಾಯಾಯಂತ್ರವನ್ನು ಇಳಿಸಿದಾಗ, ಸುಮಾರು 240 ಚದರ ಕಿಲೋಮೀಟರುಗಳಷ್ಟು ಹರಡಿದ್ದ ಹಿಮಮೀನಿನ ಗೂಡುಗಳು ಕಂಡುವು. ಅಂದಾಜು 6 ಕೋಟಿ! ಒಂದೊಂದು ಗೂಡಿನಲ್ಲಿ ಸರಾಸರಿ 1,700 ಮೊಟ್ಟೆ. ಬಹಳ ಗೂಡುಗಳಲ್ಲಿ ಒಂದು ದೊಡ್ಡ ಮೀನು ಕಾವಲು. ಸುತ್ತಣ ನೀರಿಗಿಂತ ಅಲ್ಲಿ ನೀರು ತುಸು ಬೆಚ್ಚಗಿದೆ.

ತುಸು ಬೆಚ್ಚಗಾದರೆ ಹಿತ, ಹೆಚ್ಚಾದರೆ ಮೃತ್ಯು. ಮ್ಯಾಕ್‌ಮರ್ಡೊವಿನ ಕೆಲವು ಬಂಧುಮೀನುಗಳು 6 ಡಿಗ್ರಿಯ ಸುಮಾರಿಗೇ ಸಾಯುತ್ತವೆ. ನಮ್ಮ ಮನೆಯ ಶೀತಪೆಟ್ಟಿಗೆಯೊಳಗಿನ ತಂಪೇ ಅವಕ್ಕೆ ಬೇಸಗೆ. ದಕ್ಷಿಣ ಜಾರ್ಜಿಯದ ಸುತ್ತಲ ನೀರಿನ ಮೇಲ್ಪದರವಾದರೋ 1925ರಿಂದೀಚೆಗೆ ಕಾಯುತ್ತ ಬಂದಿರುವುದನ್ನು ಅಳತೆಗಳು ತೋರಿಸಿವೆ. ಹಿಮನದಿಗಳು ಹಿಂದೆ ಸರಿಯುತ್ತಿವೆ. ನೀರು ಕಾದಂತೆ ಅದರ ಆಮ್ಲಜನಕವು ಕಡಮೆಯಾಗುವುದು, ಮೀನಿನ ದೇಹವು ಬೇಡುವುದು ಹೆಚ್ಚುವುದು. ಆಗ ಕೆಂಪು ರಕ್ತವು ಒದಗಬೇಕು. ಅದನ್ನು ಕಟ್ಟುವ ಅಕ್ಷರಗಳೇ ಅಳಿದುಹೋಗಿವೆ. ಲೋಪವಾದುದನ್ನು ನಾವು ಪದವನ್ನು ಬಿಡಿಸಿ ಮರಳಿ ತರಬಹುದು. ಆ ಮೀನು ತರಲಾರದು. ಅದಕ್ಕೆ ಕಡಲಿನ ತಂಪೇ ರಕ್ತದ ಅರ್ಧಾಂಶ. ತಿಮಿಂಗಿಲವನ್ನು ಕೊಲ್ಲಲು ಈಟಿಯನ್ನು ಹಿಡಿದು ಹಡಗೇರಿ ಅಲ್ಲಿಯವರೆಗೆ ಹೋಗಬೇಕಾಗಿತ್ತು. ಈ ಮೀನಿಗೆ ಕೇಡು ತಟ್ಟಲು ಯಾರೂ ಅಲ್ಲಿಗೆ ಹೋಗಬೇಕಾಗಿಲ್ಲ. ನಾವು ಇಲ್ಲಿ ಉರಿಸುವ ಕಲ್ಲಿದ್ದಲು, ಎಣ್ಣೆಗಳ ಹೊಗೆಯೇ ಸಾಕು.