ನನ್ನ ಹೆಗಲ ಮೇಲಿನ ತಲೆಗಳು

ಚಾಮರಾಜಪೇಟೆಯಲ್ಲಿದ್ದ ನಮ್ಮ ಸೋದರಮಾವನ ಸ್ಟುಡಿಯೋಗೆ ಸಾವಿನ ಮನೆಯವರು ಬರುತ್ತಿದ್ದುದೇ ಹೆಚ್ಚು. ಮದುವೆ, ಮುಂಜಿಗಳಿಗೆ ಮಾವನೇ ಕ್ಯಾಮೆರಾ ಹೊತ್ತು ಹೋಗಬೇಕಿತ್ತು. ಸಾವಿನ ಮನೆಯವರು ಐದನೆಯ ದಿನಕ್ಕೋ ಆರನೆಯ ದಿನಕ್ಕೋ ತಾವಾಗಿ ಒಂದು ಕವರು ಹಿಡಿದು ಬರುತ್ತಿದ್ದರು. ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಅಷ್ಟರೊಳಗೆ ಗಂಧದ ಹಾರ ಹಾಕುವಂಥ ಒಂದು ಫೋಟೋ ಆಗಬೇಕು. ಕವರಿನೊಳಗೆ ಇರುತ್ತಿದ್ದುದು ಬಸ್ ಪಾಸಿನ ಫೋಟೋ, ಆಫೀಸಿನ ಬೀಳ್ಕೊಡುಗೆಯ ಗ್ರೂಪ್ ಫೋಟೋ, ಇಲ್ಲವೇ ಯಾರದೋ ಮುಂಜಿಯ ಪಂಕ್ತಿಯಲ್ಲಿ ಸಿಕ್ಕಿದ ಅರ್ಧ ಮುಖ.

ಗೋಡೆಯ ಮೊಳೆಗೆ ಒಂದು ಕಪ್ಪು ಕೋಟು ನೇತಾಡುತ್ತಿತ್ತು. ಮಾವ ಅದನ್ನು ನನಗೆ ತೊಡಿಸಿ, ಹೆಗಲಿಗೆ ಮಡಿಸಿದ ಟವೆಲ್ ತುರುಕಿ, ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಆಮೇಲೆ ಆ ಕುತ್ತಿಗೆಯ ಮೇಲೆ ತೀರಿಕೊಂಡವರ ತಲೆ ಕೂರುತ್ತಿತ್ತು. ನನಗಾಗ ಹದಿನೇಳು ವರ್ಷ, ಕಡ್ಡಿಯ ಹಾಗಿದ್ದೆ. ಬಸವನಗುಡಿ, ಶಂಕರಪುರದ ಎಷ್ಟೋ ನಡುಮನೆಗಳಲ್ಲಿ ನನ್ನ ಹೆಗಲ ಮೇಲೆ ಗುಮಾಸ್ತರ, ಮೇಷ್ಟರ, ಪೋಸ್ಟ್ ಮಾಸ್ಟರರ ತಲೆಗಳು ಬಹಳ ವರ್ಷ ಗೋಡೆಯ ಮೇಲಿದ್ದವು. ಕೆಲವು ಈಗಲೂ ಇರಬಹುದು.

ಸೇರಿಸುವ ಕೆಲಸ ನಿಧಾನದ್ದು. ಮೊದಲು ಮೂಲ ಫೋಟೋವನ್ನು ಕಾಪಿ ತೆಗೆಯಬೇಕು. ಎನ್‌ಲಾರ್ಜರಿನಲ್ಲಿ ತಲೆಯನ್ನು ಆ ಮೈಗೆ ಒಪ್ಪುವ ಅಳತೆಗೆ ತಂದು ಬ್ರೋಮೈಡ್ ಕಾಗದದ ಮೇಲೆ ಪ್ರಿಂಟ್ ಹಾಕಬೇಕು. ಎರಡರ ಕಪ್ಪು ಬಿಳುಪೂ ಒಂದೇ ಹದಕ್ಕೆ ಬರುವವರೆಗೆ ಎರಡನೇ ನಂಬರಿನ ಕಾಗದವೋ ಮೂರನೆಯದೋ ಎಂದು ಹಾಕಿ ನೋಡಬೇಕು. ತಲೆಯ ಸುತ್ತ ಬ್ಲೇಡಿನಿಂದ ಮೇಲ್ಪದರವನ್ನಷ್ಟೇ ಗೀರಿ, ಹಿಂದಿನ ಕಾಗದವನ್ನು ಹೊರಮುಖವಾಗಿ ಹರಿದರೆ ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ಅದನ್ನೂ ಉಪ್ಪುಕಾಗದದಲ್ಲಿ ತಿಕ್ಕಿ, ಗೋಂದು ಸವರಿ ಅಂಟಿಸಬೇಕು. ಸಣ್ಣ ಕುಂಚದ ತುದಿಯನ್ನು ನಾಲಿಗೆಗೆ ಒತ್ತಿ ಮೊನೆ ಮಾಡಿಕೊಂಡು ಅಂಚಿನ ಗೆರೆ ಮುಚ್ಚಬೇಕು. ಇಡೀ ಹಾಳೆಯನ್ನು ಮತ್ತೆ ಕಾಪಿ ತೆಗೆದು, ಆ ಹೊಸ ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ಟಚಿಂಗ್ ಮಾಡಿದರೆ ಕೆಲಸ ಮುಗಿಯಿತು. ಒಂದು ಫೋಟೋಗೆ ಎರಡು ದಿನ.

ಹಳೆಯದೆಲ್ಲ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಬಂದವರಿಗೆ ನಾವು ಕೊಟ್ಟದ್ದರಲ್ಲಿ ಅರ್ಧಕ್ಕರ್ಧ ಸುಮಾರಾದವು. ಮುಖದ ಮೇಲೆ ಬೆಳಕು ಎಡದಿಂದ, ಕೋಟಿನ ಮೇಲೆ ಬಲದಿಂದ. ಕುತ್ತಿಗೆ ಒಂದು ಬೆರಳು ಉದ್ದ. ಸಿಡುಬಿನ ಕಲೆಗಳನ್ನು ಯಾರನ್ನೂ ಕೇಳದೆ ಪೆನ್ಸಿಲಿನಲ್ಲಿ ತುಂಬಿಬಿಡುತ್ತಿದ್ದೆವು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದಂತೂ ಸ್ಟುಡಿಯೋದ ಮರ್ಯಾದೆ ಎಂದೇ ತಿಳಿದಿದ್ದೆವು. ಮುಖ ತಿದ್ದುವ ಚಟ ಫೋನಿನ ಜೊತೆಗೆ ಬಂತು ಎನ್ನುವವರು ಟಚಿಂಗ್ ಮಾಡಿದ ಹಳೆಯ ನೆಗೆಟಿವೊಂದನ್ನು ಬೆಳಕಿಗೆ ಹಿಡಿದು ನೋಡಲಿ.

1984ರಲ್ಲಿ ಬಸವನಗುಡಿಯಿಂದ ಒಬ್ಬ ಹೆಂಗಸು ಬಂದರು. ಗಂಡ ತೀರಿಕೊಂಡು ವರ್ಷಾಬ್ದಿಕವೂ ಆಗಿತ್ತು. ಇಬ್ಬರೂ ಒಟ್ಟಿಗಿರುವ ಒಂದು ಫೋಟೋವೂ ಅವರಲ್ಲಿರಲಿಲ್ಲ; ಮದುವೆಯಲ್ಲೂ ತೆಗೆಸಿರಲಿಲ್ಲವಂತೆ. ತಂದಿದ್ದುದು ಗಂಡ ಆಫೀಸಿನ ನಾಲ್ವರ ಜೊತೆ ನಿಂತ ಒಂದು ಫೋಟೋ.

ಮಾವ ಅದನ್ನು ಕಿಟಕಿಯ ಬಳಿ ಹಿಡಿದು ಬಿಸಿಲು ಯಾವ ಕಡೆಯಿಂದ ಬಿದ್ದಿದೆ ಎಂದು ನೋಡಿಕೊಂಡರು. ಆ ಕಡೆಗೇ ದೀಪ ಇಟ್ಟು ಅವರನ್ನು ನಿಲ್ಲಿಸಿದರು.

“ಯಜಮಾನ್ರು ನಿಮಗಿಂತ ಎಷ್ಟು ಎತ್ತರ ಇದ್ರಮ್ಮ?”

ಅವರು ತಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ಆಮೇಲೆ ಕೈಯನ್ನು ಸ್ವಲ್ಪ ಇಳಿಸಿದರು.

ಮಾವ ಇನ್ನೊಂದು ಕೇಳಬೇಕಿತ್ತು. ತಡವರಿಸಿ, “ಹಣೆಗೆ ಕುಂಕುಮ… ಹೇಗಮ್ಮ ಮಾಡೋದು?” ಎಂದರು.

“ಅವರು ಪಕ್ಕದಲ್ಲೇ ಇರ್ತಾರಲ್ಲ. ಇರಲಿ.”

ಆ ಕುಂಕುಮವನ್ನು ಮಾವ ಪ್ರಿಂಟಿನ ಮೇಲೆ ಕುಂಚದಲ್ಲಿ ಇಟ್ಟರು. ತಪ್ಪು ಮಾಡಿದವನು ನಾನು. ಮೂಲದಲ್ಲಿ ಗಂಡನ ಮುಖ ನಮಗೆ ಬೇಕಾದ ಅಳತೆಯಲ್ಲೇ ಇತ್ತು. ಕಾಪಿ ತೆಗೆದರೆ ಒಂದು ದಿನ ಹೆಚ್ಚು ಹಿಡಿಯುತ್ತದೆ, ಮುಖವೂ ಕೊಂಚ ಮಸುಕಾಗುತ್ತದೆ. ಮಾವ ಇಲ್ಲದ ಹೊತ್ತಿನಲ್ಲಿ ನಾನು ಮೂಲವನ್ನೇ ಕತ್ತರಿಸಿದೆ. ಜೋಡಿ ಫೋಟೋ ಚೆನ್ನಾಗಿಯೇ ಬಂತು, ಅವರಿಗೂ ಹಿಡಿಸಿತು. ಆಮೇಲೆ ಹಳೆಯದನ್ನು ಕೇಳಿದರು. ನಾಲ್ವರ ನಡುವೆ ತೂತು ಬಿದ್ದ ಹಾಳೆ ಕೊಟ್ಟೆವು. ತೂತಿನ ಅಂಚಿಗೆ ಬೆರಳಿಟ್ಟು, “ನಿಜವಾಗಿ ನಿಂತಿದ್ದದ್ದು ಇಲ್ಲಿ ಅಲ್ವಾ” ಎಂದು ಚೀಲಕ್ಕೆ ಹಾಕಿಕೊಂಡು ಹೋದರು. ಮಾವ ಬಯ್ಯಲಿಲ್ಲ. ಒಂದು ತಿಂಗಳು ನನ್ನ ಕೈಗೆ ಬ್ಲೇಡು ಕೊಡಲಿಲ್ಲ.

ಬೇರೆ ಬೇರೆ ಫೋಟೋ ಸೇರಿಸಿ ಒಂದು ಮಾಡುವುದು ಫೋಟೋಗ್ರಫಿಯಷ್ಟೇ ಹಳೆಯ ವಿದ್ಯೆ. 1857ರಲ್ಲೇ ರೇಲಾಂಡರ್ ಎಂಬಾತ ಇಂಗ್ಲೆಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದು ದೊಡ್ಡ ಚಿತ್ರ ಮಾಡಿದ್ದ. ನಮಗೆ ಹತ್ತಿರದ್ದು 1977ರ ‘ಬಭ್ರುವಾಹನ’: ರಾಜ್‌ಕುಮಾರ್ ಅರ್ಜುನನೂ ಆಗಿ ಮಗನೂ ಆಗಿ ಒಂದೇ ತೆರೆಯ ಮೇಲೆ ಎದುರುಬದುರು ನಿಂತರು. ಆ ಕಾಲದ ದ್ವಿಪಾತ್ರಗಳಿಗೆ ಇದ್ದ ಉಪಾಯ ಮಾಸ್ಕ್ ಶಾಟ್. ಲೆನ್ಸಿನ ಅರ್ಧ ಮುಚ್ಚಿ ಒಂದು ಸಲ ತೆಗೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೊಮ್ಮೆ ತೆಗೆಯುವುದು. ಮಾವ ಆ ಸಿನಿಮಾವನ್ನು ಜೋಡಣೆಯ ಗೆರೆ ಹುಡುಕುವುದಕ್ಕೆಂದೇ ಎರಡನೆಯ ಸಲ ನೋಡಿದ್ದರು.

1997ರಲ್ಲಿ ನಾನು ಲಗ್ನಪತ್ರಿಕೆ ಮಾಡುವ ಒಂದು ಡಿಟಿಪಿ ಅಂಗಡಿಗೆ ಸೇರಿದೆ. ಅಲ್ಲಿ ಫೋಟೋಶಾಪ್ ಕಲಿತೆ. ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರಿಂದ ಶುರುವಾದ ಆ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅವರ ತಂದೆಗೆ ಮನೆಯಲ್ಲೇ ಡಾರ್ಕ್ ರೂಮ್ ಇತ್ತು. ಇದು ನನಗೆ ಬಹಳ ತಡವಾಗಿ ಗೊತ್ತಾಯಿತು. ಮಾವನಿಗೆ ಮಾತ್ರ ನೋಡಿದ ಕೂಡಲೇ ತಿಳಿದಿತ್ತು. ಅಂಗಡಿಗೆ ಬಂದವರು ಪರದೆಯ ಎಡಗಡೆ ಸಾಲಾಗಿದ್ದ ಚಿಹ್ನೆಗಳಲ್ಲಿ ಎರಡನ್ನು ತೋರಿಸಿದರು. ಒಂದು ಕಡ್ಡಿಯ ತುದಿಯ ಬಿಲ್ಲೆ, ಇನ್ನೊಂದು ಬೆರಳು ಮಡಿಸಿದ ಕೈ. “ಇದು ನಮ್ಮ ತಂತಿ, ಇದು ನಮ್ಮ ಕೈ. ಇವನ್ನ ಮಾಡಿದೋನು ಕತ್ತಲೆ ಕೋಣೇಲಿ ನಿಂತಿದಾನೆ ಕಣೋ.” ಎನ್‌ಲಾರ್ಜರಿನ ಬೆಳಕಿಗೆ ತಂತಿಗೆ ಕಟ್ಟಿದ ರಟ್ಟಿನ ಬಿಲ್ಲೆ ಆಡಿಸಿ ಮುಖವನ್ನು ತಿಳಿ ಮಾಡುತ್ತಿದ್ದೆವು, ಅಂಗೈಯ ಸಂದಿಯಿಂದ ಬೆಳಕು ಬಿಟ್ಟು ಅಂಚುಗಳನ್ನು ಗಾಢ ಮಾಡುತ್ತಿದ್ದೆವು. ಡಾಡ್ಜ್, ಬರ್ನ್ ಎಂದರೆ ಅವೇ. ಉಪ್ಪುಕಾಗದದಲ್ಲಿ ತಿಕ್ಕಿ ತೆಳ್ಳಗೆ ಮಾಡಿದ ಅಂಚಿಗೆ ಇದರಲ್ಲಿ ಫೆದರ್ ಎಂದು ಹೆಸರು.

ಹೊಸದೆಂದರೆ ಲೇಯರ್, 1994ರ ಮೂರನೆಯ ಆವೃತ್ತಿಯಲ್ಲಿ ಬಂದದ್ದು. ಅದಕ್ಕೆ ಮೊದಲು ಅಂಟಿಸಿದ್ದು ಅಂಟಿಕೊಂಡಂತೆಯೇ, ನಮ್ಮ ಗೋಂದಿನ ಹಾಗೆ. ಲೇಯರಿನಲ್ಲಿ ಒಬ್ಬೊಬ್ಬರದು ಒಂದೊಂದು ಗಾಜಿನ ಹಾಳೆ. ಬೇಕಾದಾಗ ಎತ್ತಬಹುದು, ಸರಿಸಬಹುದು. ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿದ್ದುದು 32 ಎಂಬಿ ಮೆಮೊರಿ. ಎ4 ಅಳತೆಯ ಒಂದು ಹಾಳೆಯನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಅದೊಂದೇ 25 ಎಂಬಿ. ಎರಡನೆಯ ಲೇಯರ್ ಹಾಕಿ ಗಾಂಧಿ ಬಜಾರಿಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದೆವು. ಆದರೂ ಮೊದಲ ದಿನವೇ ನನಗೆ ದೊಡ್ಡ ಭಾರವೊಂದು ಇಳಿದಂತಾಯಿತು: ಸ್ಕ್ಯಾನರಿನ ಗಾಜಿನಿಂದ ಮೂಲ ಫೋಟೋ ಇದ್ದ ಹಾಗೆಯೇ ಹೊರಗೆ ಬರುತ್ತದೆ. ಎಷ್ಟು ಸಲ ಕತ್ತರಿಸಿದರೂ ಅದಕ್ಕೆ ತೂತು ಬೀಳುವುದಿಲ್ಲ. ಇದೊಂದಕ್ಕಾಗಿಯೇ ನಾನು ಬ್ಲೇಡಿನ ಕಾಲಕ್ಕೆ ಹಿಂದಿರುಗಲು ಒಪ್ಪುವುದಿಲ್ಲ.

ಆಮೇಲೆ ಫ್ಲೆಕ್ಸ್ ಬಂತು, ಅಂಗಡಿಗೆ ಹೊಟ್ಟೆತುಂಬ ಕೆಲಸ ಕೊಟ್ಟಿತು. ಮಾವ ಕೇಳುತ್ತಿದ್ದ ‘ಯಾರ ಪಕ್ಕ ಯಾರು, ಯಾರು ಎಷ್ಟು ಎತ್ತರ’ ಎನ್ನುವ ಪ್ರಶ್ನೆಗೆ ಫ್ಲೆಕ್ಸಿನಲ್ಲಿ ಬೇರೆ ಬಗೆಯ ಉತ್ತರ. ದೊಡ್ಡ ನಾಯಕರ ತಲೆ ನಾಲ್ಕಡಿ, ವಾರ್ಡಿನವರದು ಎರಡಡಿ, ಶುಭ ಕೋರುವ ಹುಡುಗರದು ಅಡಿಯಲ್ಲಿ ಸಾಲಾಗಿ ಲಾಡಿನಷ್ಟು. ತನ್ನ ತಲೆ ಪಕ್ಕದವನದಕ್ಕಿಂತ ಚಿಕ್ಕದಾಯಿತೆಂದು ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದವರಿದ್ದಾರೆ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಪಾಲಿಕೆ ಊರ ತುಂಬ ಫ್ಲೆಕ್ಸ್ ಕಿತ್ತಿತು. ನಮ್ಮ ಆದಾಯಕ್ಕೆ ಪೆಟ್ಟು ಬಿತ್ತು. ರಸ್ತೆಗೆ ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ.

ಈಗ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೊಂದು ಕೋಣೆ, ನಾನೊಬ್ಬನೇ. ಕವರು ಹಿಡಿದು ಬರುವವರಿಲ್ಲ, ಎಲ್ಲ ವಾಟ್ಸಾಪಿನಲ್ಲಿ. ಮಾವನ ಕೋಟಿಗೆ ಬದಲು ಒಂದು ಫೋಲ್ಡರಿನಲ್ಲಿ ನಲವತ್ತು ಕೋಟುಗಳಿವೆ, ಮೈಸೂರು ಪೇಟವೂ ಇದೆ. ಸೇರಿಸಿ ಎನ್ನುವವರಷ್ಟೇ ತೆಗೆಯಿರಿ ಎನ್ನುವವರೂ ಇದ್ದಾರೆ. ಮಲ್ಲೇಶ್ವರದ ಹಳೆಯ ಮನೆ ಬಿಲ್ಡರಿಗೆ ಹೋಗುವ ಹೊತ್ತಿಗೆ ಅಣ್ಣತಮ್ಮಂದಿರಿಗೆ ಜಗಳವಾಗಿ, ತಂದೆಯ ಷಷ್ಟ್ಯಬ್ದಿಯ ಫೋಟೋದಿಂದ ಒಬ್ಬನನ್ನು ತೆಗೆಯಬೇಕೆಂದರು. ಹಿಂದೆಯೂ ಜನ ಕತ್ತರಿ ಹಾಕುತ್ತಿದ್ದರು. ಆದರೆ ಹಾಗೆ ಕತ್ತರಿಸಿದ ಫೋಟೋದಲ್ಲಿ ಇನ್ನೊಬ್ಬರ ಹೆಗಲ ಮೇಲೆ ನಾಲ್ಕು ಬೆರಳು ಉಳಿದಿರುತ್ತಿದ್ದವು. ಅಲ್ಲಿ ಯಾರೋ ಇದ್ದರೆಂದು ಮೊಮ್ಮಕ್ಕಳಿಗೂ ಕಾಣುತ್ತಿತ್ತು. ನಾನೀಗ ಬೆರಳನ್ನೂ ತೆಗೆದು ಹಿಂದಿನ ಕಿಟಕಿಯ ಸರಳುಗಳನ್ನು ಸರಿಯಾಗಿ ಕೂರಿಸಿ ಕೊಡಬಲ್ಲೆ. ಕೊಟ್ಟೆ. ಮಾಡಬಾರದಿತ್ತು ಅನ್ನಿಸುತ್ತದೆ. ಆ ಕಡತದಲ್ಲಿ ತಮ್ಮನ ಲೇಯರನ್ನು ಅಳಿಸಿಲ್ಲ, ಅದನ್ನು ಕಾಣಿಸುವ ಪಕ್ಕದ ಕಣ್ಣಿನ ಗುರುತನ್ನು ಆರಿಸಿದ್ದೇನೆ ಅಷ್ಟೆ.

ಹೋದ ವರ್ಷ ಹುಡುಗನೊಬ್ಬ ಅಜ್ಜಿಯ ಫೋಟೋ ಕಳಿಸಿದ. ಅಕ್ಕನ ಮದುವೆಯ ಗ್ರೂಪ್ ಫೋಟೋದಲ್ಲಿ ಅಜ್ಜಿಯನ್ನು ಸೇರಿಸಬೇಕು. ಯಾವುದೋ ಆ್ಯಪಿನಲ್ಲಿ ಸ್ಪಷ್ಟ ಮಾಡಿಸಿದ್ದ. ಕಣ್ಣಿನ ರೆಪ್ಪೆ ಎಣಿಸಬಹುದು, ಅಷ್ಟು ಚೆನ್ನಾಗಿತ್ತು. ಮೂಲ ಕಳಿಸಪ್ಪ ಎಂದೆ. ಅವನಲ್ಲಿ ಇರಲಿಲ್ಲ. ಇದೇ ಚೆನ್ನಾಗಿದೆಯಲ್ಲ ಸಾರ್, ಎಂದ. ಮಾವ ಮತ್ತು ನಾನು ಎಷ್ಟೇ ಸುಳ್ಳು ಹೇಳಿದ್ದರೂ, ಕೋಟು ನನ್ನದಾದರೂ, ಮುಖ ಮಾತ್ರ ಒಂದು ದಿನ ಒಂದು ಕ್ಯಾಮೆರಾದ ಎದುರು ಬಿಸಿಲಲ್ಲಿ ನಿಂತ ಆ ಮನುಷ್ಯನದೇ ಆಗಿರುತ್ತಿತ್ತು. ಈ ಮುಖ ಆ್ಯಪು ಊಹಿಸಿ ಬರೆದದ್ದು; ಇದನ್ನು ಹೊತ್ತು ಯಾರೂ ಯಾವ ಕ್ಯಾಮೆರಾದ ಮುಂದೆಯೂ ನಿಂತಿರಲಿಲ್ಲ. ಇದನ್ನು ಫೋನಿನಲ್ಲಿ ಅವನಿಗೆ ವಿವರಿಸಲು ಆಗಲಿಲ್ಲ. ಮನೆಗೇ ಹೋದೆ.

ಅವನ ತಾಯಿ ಆ ಚಿತ್ರ ನೋಡಿ, “ಅಮ್ಮನ ಮೂಗುಬೊಟ್ಟು ಎಲ್ಲಿ?” ಎಂದರು. ಆ್ಯಪು ಅದನ್ನು ಕಲೆಯೆಂದು ಅಳಿಸಿತ್ತು. ಆಮೇಲೆ ಅವರೇ ಅಟ್ಟದಿಂದ ಒಂದು ಕಟ್ಟು ಇಳಿಸಿದರು. ಜಿರಲೆ ಹಿಕ್ಕೆ ಅಂಟಿದ ಒಂದು ಗ್ರೂಪ್ ಫೋಟೋದಲ್ಲಿ, ಹಿಂದಿನ ಸಾಲಿನ ಬಾಗಿಲ ಬಳಿ, ಮಗು ಎತ್ತಿಕೊಂಡು ಅಜ್ಜಿ ನಿಂತಿದ್ದರು. ಮುಖ ಮೂರು ಮಿಲಿಮೀಟರ್. 1200 ಡಿಪಿಐಗೆ ಸ್ಕ್ಯಾನ್ ಮಾಡಿದೆ. ಮುಂದಿನ ಸಾಲಿಗೆ ತರುವಷ್ಟು ದೊಡ್ಡದು ಮಾಡಿದರೆ ಚುಕ್ಕಿಗಳಾಗಿ ಒಡೆಯುತ್ತಿತ್ತು. ಹಾಗಾಗಿ ಮದುವೆಯ ಫೋಟೋದಲ್ಲೂ ಅವರನ್ನು ಕೊನೆಯ ಸಾಲಿನಲ್ಲಿ, ಕಲ್ಯಾಣ ಮಂಟಪದ ಕಂಬದ ಪಕ್ಕ, ಸ್ವಲ್ಪ ಮಸುಕಾಗಿಯೇ ನಿಲ್ಲಿಸಿದೆ.